ಗಾಜಿಗೆ ಹತ್ತಿದ ಮೆರುಗು

ಆಯುಧಪೂಜೆಯ ಸಮಯದಲ್ಲಿ ನಮ್ಮ ನಾಡಿನ ವಾಹನಗಳಿಗೆ ನಡೆಯುವಷ್ಟು ಉಪಚಾರ ವರ್ಷದ ಉಳಿದ ದಿನಗಳಲ್ಲಿ ನಡೆಯುವುದಿಲ್ಲ. ಹಿಂದಿನ ದಿನವೇ ಕಾರಿಗೆ ನೀರೆರೆದು, ಮೈ ತೊಳೆದು, ಪಾಲಿಶ್ ಹಚ್ಚಿ, ಮುಖ ನೋಡಿಕೊಳ್ಳುವಷ್ಟು ಹೊಳಪು ಬರುವವರೆಗೆ ಉಜ್ಜುತ್ತಾರೆ. ಉತ್ಸಾಹದ ಭರದಲ್ಲಿ ಅದೇ ಬಟ್ಟೆಯನ್ನು ಮುಂದಿನ ಗಾಜಿನ ಮೇಲೆಯೂ ಒಮ್ಮೆ ಆಡಿಸಿಬಿಡುವುದುಂಟು. ಹೂವು ಕುಂಕುಮಗಳ ನಡುವೆ ಗಾಜೂ ಥಳಥಳಿಸುತ್ತದೆ. ಆ ದಿನ ಯಾರಿಗೂ ಯಾವ ದೋಷವೂ ಕಾಣುವುದಿಲ್ಲ.

ದೋಷ ಕಾಣುವುದು ಮುಂದೊಂದು ರಾತ್ರಿ. ಹಿಂಗಾರಿನ ಮಳೆ ಹನಿಯಲಾರಂಭಿಸಿ, ಚಾಲಕನು ವೈಪರನ್ನು ಆಡಿಸಿದೊಡನೆ ಗಾಜಿನ ಮೇಲೆ ಕಮಾನಿನಾಕಾರದ ಮಬ್ಬು ಪಟ್ಟೆಗಳು ಮೂಡುತ್ತವೆ. ಎದುರಿನಿಂದ ಬರುವ ವಾಹನದ ದೀಪ ಒಂದು ಬಿಂದುವಾಗಿ ಕಾಣದೆ, ದೊಡ್ಡದೊಂದು ಬೆಳಕಿನ ಮುದ್ದೆಯಾಗಿ ಹರಡುತ್ತದೆ. ಆ ಬೆಳಕಿನ ಮರೆಯಲ್ಲಿ, ರಸ್ತೆಯ ಅಂಚಿನಲ್ಲಿ ನಡೆದುಹೋಗುತ್ತಿರುವ ಮನುಷ್ಯ ಕಾಣದಾಗುತ್ತಾನೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಮೂರು ಸೆಕೆಂಡುಗಳಲ್ಲಿ 50 ಮೀಟರ್ ದೂರವನ್ನು ಕ್ರಮಿಸುತ್ತದೆ. ಹಬ್ಬದ ದಿನ ಅಂದಕ್ಕಾಗಿ ಹಚ್ಚಿದ ಮೆರುಗು, ಆ 50 ಮೀಟರುಗಳಲ್ಲಿ ಒಂದು ಜೀವಕ್ಕೆ ಎರವಾಗಬಹುದು.

ಮರುದಿನ ಬೆಳಗ್ಗೆ ಒದ್ದೆ ಬಟ್ಟೆಯಿಂದ ಗಾಜನ್ನು ತಿಕ್ಕಿದರೆ ಪಟ್ಟೆಗಳು ಹೋದಂತೆ ತೋರುತ್ತವೆ. ಮತ್ತೆ ಮಳೆ ಬಂದಾಗ ಮರಳಿ ಕಾಣಿಸಿಕೊಳ್ಳುತ್ತವೆ. ಇನ್ನೂ ಬಲವಾಗಿ ತಿಕ್ಕಿದರೂ ಫಲವಿಲ್ಲ. ಕಣ್ಣಿಗೆ ಸರಿಯಾಗಿ ಕಾಣದ ಈ ಪೊರೆಗೆ ಇಷ್ಟು ಹಟವೇಕೆ? ಅದನ್ನು ತೆಗೆಯುವ ಬಗೆ ಯಾವುದು? ಇವೇ ಈ ಲೇಖನದಲ್ಲಿ ನಾವು ವಿಚಾರಮಾಡಬೇಕಾದ ಪ್ರಶ್ನೆಗಳು.

ಇವುಗಳ ಉತ್ತರದ ಸುಳಿವು ನಮ್ಮ ಅಡಿಗೆಮನೆಯಲ್ಲಿಯೇ ಇದೆ. ಕಿಲುಬು ಹತ್ತಿದ ಹಿತ್ತಾಳೆಯ ಪಾತ್ರೆಯನ್ನು ಹುಣಿಸೆಹಣ್ಣಿನಿಂದ ಬೆಳಗುತ್ತಾರೆ. ಎಣ್ಣೆಯ ಜಿಡ್ಡನ್ನು ಸೀಗೆಪುಡಿಯಿಂದ ತೆಗೆಯುತ್ತಾರೆ. ಇವೆರಡನ್ನು ಅದಲುಬದಲು ಮಾಡಿ ನೋಡಿದವರಿಗೆ ಶ್ರಮ ಮಾತ್ರ ಉಳಿಯುತ್ತದೆ. ಕಿಲುಬು ಲೋಹದ ಆಕ್ಸೈಡು ಮೊದಲಾದ ಸಂಯುಕ್ತಗಳಿಂದಾದುದು; ಅದು ಆಮ್ಲದಲ್ಲಿ ಕರಗುತ್ತದೆ. ಜಿಡ್ಡು ಆಮ್ಲದಲ್ಲಿ ಕರಗದು. ಸೀಗೆಯಲ್ಲಿರುವ ನೊರೆಗಟ್ಟುವ ವಸ್ತು ಅದನ್ನು ಸಣ್ಣ ಕಣಗಳಾಗಿ ಒಡೆದು ನೀರಿಗೆ ಒಪ್ಪಿಸುತ್ತದೆ. ಆದುದರಿಂದ ಕಲೆಯನ್ನು ತೆಗೆಯಲು ತೋಳಿನ ಬಲವನ್ನು ತೋರುವ ಮುನ್ನ, ಆ ಕಲೆಯನ್ನು ಹಿಡಿದಿಟ್ಟಿರುವ ಬಲ ಯಾವುದೆಂಬುದನ್ನು ತಿಳಿಯಬೇಕು. ಕಾರಿನ ಗಾಜಿಗೂ ಈ ನಿಯಮವೇ ಅನ್ವಯಿಸುತ್ತದೆ.

ಗಾಜಿನ ಮೈ ಎಂತಹುದು?

ಗಾಜಿನ ಮುಖ್ಯ ವಸ್ತು ಸಿಲಿಕಾ. ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳು ಒಂದನ್ನೊಂದು ಕೈಹಿಡಿದು ಹೆಣೆದ ಬಲೆಯೇ ಗಾಜಿನ ಒಡಲು. ಒಳಗಿನ ಪ್ರತಿಯೊಂದು ಸಿಲಿಕಾನ್ ಪರಮಾಣುವಿಗೆ ಸುತ್ತಲೂ ನಾಲ್ಕು ಆಮ್ಲಜನಕದ ಜೊತೆಗಾರರಿದ್ದಾರೆ. ಆದರೆ ಮೇಲ್ಮೈಯಲ್ಲಿ ಬಲೆ ಕತ್ತರಿಸಿಹೋಗಿರುತ್ತದೆ. ಅಲ್ಲಿ ಕೊನೆಗಾಣದೆ ಉಳಿದ ಆಮ್ಲಜನಕಗಳು ಗಾಳಿಯ ತೇವದಿಂದ ಜಲಜನಕವನ್ನು ಪಡೆದು ಸಮಾಧಾನಗೊಳ್ಳುತ್ತವೆ. ಹೀಗೆ ಗಾಜಿನ ಮೈಯೆಲ್ಲಾ ಆಮ್ಲಜನಕ–ಜಲಜನಕದ ಜೋಡಿಗಳಿಂದ ತುಂಬಿರುತ್ತದೆ.

ನೀರಿನ ಅಣುವಿನಲ್ಲಿಯೂ ಇರುವುದು ಇವೇ ಎರಡು ಧಾತುಗಳಷ್ಟೆ. ಆದುದರಿಂದ ಶುದ್ಧವಾದ ಗಾಜು ನೀರನ್ನು ಪ್ರೀತಿಯಿಂದ ಬರಮಾಡಿಕೊಳ್ಳುತ್ತದೆ. ಅದರ ಮೇಲೆ ಬಿದ್ದ ಹನಿ ಹನಿಯಾಗಿ ಉಳಿಯದೆ, ಚಪ್ಪಟೆಯಾಗಿ ಹರಡಿ ಒಂದೇ ಸಮನಾದ ಪೊರೆಯಾಗುತ್ತದೆ. ಮೇಣದ ಮೇಲೆ ಬಿದ್ದ ಹನಿಯಾದರೋ ತಾವರೆಯೆಲೆಯ ಮೇಲಿನ ನೀರಿನಂತೆ ಗುಂಡಗಾಗಿ ನಿಲ್ಲುತ್ತದೆ.

ಹನಿಯ ಅಂಚು ನೆಲವನ್ನು ಮುಟ್ಟುವೆಡೆಯಲ್ಲಿ, ನೀರಿನೊಳಗೆ ಉಂಟಾಗುವ ಕೋನಕ್ಕೆ ಸ್ಪರ್ಶಕೋನವೆಂದು ಹೆಸರು. ಈ ಕೋನವನ್ನು ನಿರ್ಧರಿಸುವ ಬಲಗಳ ವಿಚಾರವನ್ನು 1805ರಲ್ಲಿ ಇಂಗ್ಲೆಂಡಿನ ಥಾಮಸ್ ಯಂಗ್ ವಿವರಿಸಿದನು. ಶುದ್ಧ ಗಾಜಿನ ಮೇಲೆ ನೀರಿನ ಸ್ಪರ್ಶಕೋನ ಸೊನ್ನೆಗೆ ಹತ್ತಿರ. ಮೇಣದ ಮೇಲೆ ಅದು 100 ಡಿಗ್ರಿಗಳನ್ನು ಮೀರುತ್ತದೆ. ಗಾಜಿನ ಕಥೆಯೆಲ್ಲ ಈ ಎರಡು ಅಂಕೆಗಳ ನಡುವೆ ನಡೆಯುತ್ತದೆ ಎನ್ನಬಹುದು.

ನೀರು ಹನಿಯಾದರೆ ಕೇಡೇನು?

ಗಾಜಿನ ಮೇಲೆ ನೀರು ಸಮನಾಗಿ ಹರಡಿದ್ದರೆ, ಗಾಜಿಗೆ ಇನ್ನೊಂದು ತೆಳುವಾದ ಗಾಜನ್ನು ಜೋಡಿಸಿದಂತಾಯಿತು. ಬೆಳಕಿನ ಕಿರಣಗಳು ಅದರ ಮೂಲಕ ನೇರವಾಗಿ ಹಾದುಬರುತ್ತವೆ. ಆದರೆ ನೀರು ಸಾವಿರಾರು ಹನಿಗಳಾಗಿ ಒಡೆದರೆ ಪ್ರತಿಯೊಂದು ಹನಿಯೂ ಒಂದು ಪುಟ್ಟ ಮಸೂರವಾಗುತ್ತದೆ. ಒಂದು ದೀಪದಿಂದ ಬಂದ ಕಿರಣಗಳನ್ನು ಈ ಮಸೂರಗಳು ತಮಗೆ ತೋಚಿದ ದಿಕ್ಕುಗಳಿಗೆ ಬಾಗಿಸುತ್ತವೆ. ಹೀಗೆ ಚದರಿದ ಬೆಳಕು ಕಣ್ಣನ್ನು ನಾನಾ ಕಡೆಗಳಿಂದ ಸೇರುವುದರಿಂದ, ದೀಪವಿಲ್ಲದ ಜಾಗದಿಂದಲೂ ಬೆಳಕು ಬಂದಂತೆ ಕಾಣುತ್ತದೆ.

ಹಗಲಿನಲ್ಲಿ ಇದರಿಂದ ಅಷ್ಟು ತೊಂದರೆಯಿಲ್ಲ. ಎಲ್ಲೆಲ್ಲಿಯೂ ಬೆಳಕಿರುವಾಗ ಸ್ವಲ್ಪ ಬೆಳಕು ಚದರಿದರೆ ಗೊತ್ತಾಗದು. ರಾತ್ರಿಯಲ್ಲಾದರೆ ಒಂದು ಕಡೆ ಕಣ್ಣು ಕುಕ್ಕುವ ದೀಪ, ಇನ್ನೊಂದು ಕಡೆ ಮಸುಕಾದ ಉಡುಪಿನ ಪಾದಚಾರಿ. ಚದರಿದ ಬೆಳಕು ಮುಸುಕಿನಂತೆ ಇಡೀ ದೃಶ್ಯದ ಮೇಲೆ ಹರಡಿ, ಕತ್ತಲಿಗೂ ಆ ಮನುಷ್ಯನ ಆಕಾರಕ್ಕೂ ಇರುವ ಅಲ್ಪ ವ್ಯತ್ಯಾಸವನ್ನು ಅಳಿಸಿಹಾಕುತ್ತದೆ. ದೀಪ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ.

ಇಲ್ಲಿ ವಾಚಕರಿಗೊಂದು ಸಂದೇಹ ಬರಬಹುದು. ನೀರನ್ನು ಗುಂಡಗಾಗಿಸಿ ಓಡಿಸುವ ಲೇಪನಗಳನ್ನು ಗಾಜಿಗಾಗಿಯೇ ಮಾರುತ್ತಾರಲ್ಲ, ಅವು ಒಳ್ಳೆಯವಾದರೆ ಪಾಲಿಶ್ ಮಾತ್ರ ಏಕೆ ಕೆಟ್ಟದು? ವ್ಯತ್ಯಾಸವಿರುವುದು ಪೊರೆಯ ಏಕರೂಪತೆಯಲ್ಲಿ. ಸಮನಾಗಿ ಹರಡಿ ಗಾಜಿಗೆ ಭದ್ರವಾಗಿ ಕೂತ ಲೇಪನದ ಮೇಲೆ ಹನಿಗಳು ನಿಲ್ಲಲು ಆಧಾರ ಸಿಕ್ಕದೆ, ವೇಗದ ಗಾಳಿಗೆ ಉರುಳಿಹೋಗುತ್ತವೆ. ಬಟ್ಟೆಯಿಂದ ತಗಲಿದ ಪಾಲಿಶ್ ಒಂದೆಡೆ ದಪ್ಪ, ಒಂದೆಡೆ ತೆಳು, ಇನ್ನೊಂದೆಡೆ ಇಲ್ಲವೇ ಇಲ್ಲ. ಅಲ್ಲಿ ಹನಿಗಳು ತೇಪೆಗಳ ಅಂಚಿಗೆ ಸಿಕ್ಕಿಕೊಂಡು ನಿಲ್ಲುತ್ತವೆ. ವೈಪರಿನ ರಬ್ಬರು ಅವುಗಳನ್ನು ಒರೆಸುವ ಬದಲು ಜಿಡ್ಡಿನೊಡನೆ ಕಲಸಿ ಬಳಿಯುತ್ತದೆ.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಅಂಚು ಕೈಗೆ ತಗಲದಂತೆ ಉಜ್ಜಿದ ಎರಡು ಗಾಜಿನ ತುಂಡುಗಳನ್ನು ಸಾಬೂನಿನಿಂದ ತೊಳೆದು, ಧಾರಾಳವಾದ ನೀರಿನಲ್ಲಿ ಜಾಲಿಸಿರಿ. ಒಂದರ ಮೇಲೆ ಮೇಣದಬತ್ತಿಯ ತುಂಡನ್ನು ಲಘುವಾಗಿ ಸವರಿ, ಒಣ ಬಟ್ಟೆಯಿಂದ ಹೊಳೆಯುವಂತೆ ಉಜ್ಜಿರಿ. ಒಣಗಿದಾಗ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ. ಈಗ ಎರಡರ ಮೇಲೂ ನೀರನ್ನು ಚಿಮುಕಿಸಿ, ಕತ್ತಲೆಯ ಕೋಣೆಯಲ್ಲಿ ದೂರದಲ್ಲಿಟ್ಟ ಒಂದು ಟಾರ್ಚಿನ ಕಡೆಗೆ ಒಂದೊಂದರ ಮೂಲಕ ನೋಡಿರಿ. ಟಾರ್ಚಿನ ಪಕ್ಕದಲ್ಲಿ ಒಂದು ಬೂದುಬಣ್ಣದ ವಸ್ತುವನ್ನಿಟ್ಟರೆ, ಯಾವ ಗಾಜಿನ ಮೂಲಕ ಅದು ಕಾಣುತ್ತದೆ, ಯಾವುದರ ಮೂಲಕ ಮರೆಯಾಗುತ್ತದೆ ಎಂಬುದು ಕೂಡಲೇ ವೇದ್ಯವಾಗುತ್ತದೆ.

ಪೊರೆ ಎಷ್ಟು ತೆಳುವಾದರೂ ಸಾಕು

ಇಷ್ಟು ಅನರ್ಥಕ್ಕೆ ಕಾರಣವಾಗಲು ಪೊರೆ ದಪ್ಪವಾಗಿರಬೇಕಾಗಿಲ್ಲ. ಈ ವಿಷಯದ ಅರಿವು ಮೂಡಿದುದು ಪಾತ್ರೆ ತೊಳೆಯುವ ತೊಟ್ಟಿಯ ಬಳಿಯಲ್ಲಿ ಎಂದರೆ ಅತಿಶಯೋಕ್ತಿಯಲ್ಲ. ಜರ್ಮನಿಯ ಬ್ರೌನ್‌ಷ್ವೈಗ್ ಪಟ್ಟಣದಲ್ಲಿ ಆಗ್ನೆಸ್ ಪಾಕೆಲ್ಸ್ ಎಂಬ ಮಹಿಳೆ ತಂದೆತಾಯಿಗಳ ಆರೈಕೆಯಲ್ಲಿ, ಮನೆಗೆಲಸದಲ್ಲಿ ತೊಡಗಿದ್ದಳು. ಆಕೆಗೆ ವಿಶ್ವವಿದ್ಯಾನಿಲಯದ ಶಿಕ್ಷಣ ದೊರೆತಿರಲಿಲ್ಲ. ಜಿಡ್ಡು ಸೇರಿದ ನೀರಿನ ಮೇಲ್ಮೈ ಹೇಗೆ ವರ್ತಿಸುತ್ತದೆ ಎಂಬುದನ್ನು ಆಕೆ ತಾನೇ ರಚಿಸಿಕೊಂಡ ಸರಳ ಉಪಕರಣದಿಂದ ಅಳೆದು, ಇಂಗ್ಲೆಂಡಿನ ಲಾರ್ಡ್ ರ್‍ಯಾಲೆಗೆ ಪತ್ರ ಬರೆದಳು. ಆತನು ಅದರ ಬೆಲೆಯನ್ನರಿತು, 1891ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅಚ್ಚಾಗುವಂತೆ ಮಾಡಿದನು. ಮುಂದೆ ಅಮೆರಿಕದ ಇರ್ವಿಂಗ್ ಲ್ಯಾಂಗ್ಮೂರ್ 1917ರಲ್ಲಿ, ಇಂತಹ ಪೊರೆಗಳು ಒಂದೇ ಒಂದು ಅಣುವಿನಷ್ಟು ದಪ್ಪವಿರಬಲ್ಲವೆಂದು ತೋರಿಸಿದನು. ಮೇಲ್ಮೈಗಳ ರಸಾಯನವನ್ನು ಕುರಿತ ಸಂಶೋಧನೆಗಾಗಿ 1932ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಇಂತಹ ಒಂದು ಅಣುಪದರದ ದಪ್ಪ ಎರಡು ಮೂರು ನ್ಯಾನೊಮೀಟರ್ ಮಾತ್ರ. ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ. ಇಷ್ಟು ತೆಳುವಾದ ಪೊರೆ ಒಣಗಿದ ಗಾಜಿನಲ್ಲಿ ಕಣ್ಣಿಗೆ ಕಾಣಲಾರದು. ಆದರೆ ನೀರಿಗೆ ಕಾಣುತ್ತದೆ. ಏಕೆಂದರೆ ನೀರು ಮುಟ್ಟುವುದು ಆ ಕೊನೆಯ ಅಣುಪದರವನ್ನೇ ಹೊರತು ಅದರಡಿಯ ಗಾಜನ್ನಲ್ಲ.

ಪಾಲಿಶಿನೊಳಗೆ ಏನಿದೆ?

ಕಾರಿನ ಮೈಗೆ ಹಚ್ಚುವ ಪಾಲಿಶ್‌ಗಳಲ್ಲಿ ಸಾಮಾನ್ಯವಾಗಿ ಮೇಣ, ಸಿಲಿಕೋನ್ ಎಣ್ಣೆ, ಅವುಗಳನ್ನು ತೆಳುಗೊಳಿಸುವ ದ್ರಾವಕ ಇವಿರುತ್ತವೆ. ಬಣ್ಣದ ಸಣ್ಣ ಗೀರುಗಳನ್ನು ಸವೆಸುವ ನಯವಾದ ಪುಡಿಯೂ ಹಲವು ಪಾಲಿಶ್‌ಗಳಲ್ಲಿರುತ್ತದೆ. ದ್ರಾವಕ ಆರಿಹೋಗುತ್ತದೆ, ಪುಡಿಯನ್ನು ಬಟ್ಟೆ ಒಯ್ಯುತ್ತದೆ, ಮೇಣ ಮತ್ತು ಸಿಲಿಕೋನ್ ಉಳಿಯುತ್ತವೆ.

ಮೇಣಗಳಲ್ಲಿ ಹೆಸರಾದುದು ಕಾರ್ನೂಬ. ಇದು ಬ್ರೆಜಿಲ್ ದೇಶದ ಒಂದು ತಾಳೆಯ ಜಾತಿಯ ಮರದ ಎಲೆಗಳಿಂದ ದೊರೆಯುತ್ತದೆ. ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆಯೇ ಕರಗುವ ಗಟ್ಟಿ ಮೇಣವಿದು. ನಮ್ಮ ಬಿಸಿಲಿಗಾಗಲಿ ಬಿಸಿನೀರಿನ ಬಟ್ಟೆಗಾಗಲಿ ಸುಲಭವಾಗಿ ಜಗ್ಗುವುದಿಲ್ಲ.

ಸಿಲಿಕೋನ್ ಇದಕ್ಕಿಂತಲೂ ಹಟಮಾರಿ. ನಾಟಿಂಗ್‌ಹ್ಯಾಮ್‌ನ ಫ್ರೆಡರಿಕ್ ಕಿಪ್ಪಿಂಗ್ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಈ ಜಾತಿಯ ವಸ್ತುಗಳನ್ನು ಅಭ್ಯಸಿಸಿದನು. ಅವುಗಳನ್ನು ಹೇರಳವಾಗಿ ತಯಾರಿಸುವ ಮಾರ್ಗ 1940ರ ದಶಕದಲ್ಲಿ ಸಿದ್ಧವಾಯಿತು. ಸಿಲಿಕೋನಿನ ಅಣು ಒಂದು ಉದ್ದವಾದ ಸರಪಳಿ. ಅದರ ಬೆನ್ನೆಲುಬು ಗಾಜಿನಲ್ಲಿರುವಂತೆಯೇ ಸಿಲಿಕಾನ್ ಮತ್ತು ಆಮ್ಲಜನಕಗಳಿಂದಾದುದು. ಅದಕ್ಕೆ ಹೊರಗಡೆ ನೀರನ್ನು ದೂರವಿಡುವ ಇಂಗಾಲ–ಜಲಜನಕದ ಗುಂಪುಗಳು ಅಂಟಿಕೊಂಡಿರುತ್ತವೆ. ಬೆನ್ನೆಲುಬಿನ ಆಮ್ಲಜನಕಗಳು ಗಾಜಿನ ಮೈಯ ಜೋಡಿಗಳ ಕಡೆಗೆ ತಿರುಗಿ ಹತ್ತಿಕೊಂಡರೆ, ಹೊರಗುಂಪುಗಳು ಗಾಳಿಯ ಕಡೆಗೆ ಮುಖಮಾಡುತ್ತವೆ. ಗಾಜಿಗೆ ನೆಂಟನಾಗಿ, ನೀರಿಗೆ ಪರಕೀಯನಾಗಿ ಅದು ನೆಲೆಸುತ್ತದೆ.

ಅಲ್ಲದೆ ಅದು ಬಹು ಸುಲಭವಾಗಿ ಹರಡುತ್ತದೆ. ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್ ಆದರೆ, ಸಿಲಿಕೋನ್ ಎಣ್ಣೆಯದು ಸುಮಾರು 20 ಮಾತ್ರ. ಎಳೆತ ಕಡಿಮೆಯಾದಷ್ಟೂ ದ್ರವ ಒಂದೆಡೆ ಮುದುಡಿಕೊಳ್ಳದೆ ಹಬ್ಬುತ್ತದೆ. ಒಣಬಟ್ಟೆಯಿಂದ ಬಲವಾಗಿ ತಿಕ್ಕಿದಷ್ಟೂ ಕಲೆ ಏಕೆ ಹೆಚ್ಚಾಗುತ್ತದೆಂಬುದು ಈಗ ತಿಳಿಯುತ್ತದೆ. ನಾವು ಅದನ್ನು ತೆಗೆಯುತ್ತಿಲ್ಲ, ಹರಡುತ್ತಿದ್ದೇವೆ.

ಮೊದಲು ಪರೀಕ್ಷೆ, ಆಮೇಲೆ ಚಿಕಿತ್ಸೆ

ಗಾಜಿನ ಮೇಲಿರುವ ಎಲ್ಲ ಕಲೆಗಳೂ ಪಾಲಿಶಿನವೇ ಆಗಿರಬೇಕಾಗಿಲ್ಲ. ಅವುಗಳನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯದು ಜಿಡ್ಡಿನ ಪೊರೆ. ತೊಳೆದ ಗಾಜಿನ ಮೇಲೆ ಬಾಯಿಯಿಂದ ಹಬೆಯೂದಿದರೆ, ಬಟ್ಟೆಯಾಡಿಸಿದ ಗುರುತುಗಳು ಆ ಮಂಜಿನಲ್ಲಿ ಪಟ್ಟೆಪಟ್ಟೆಯಾಗಿ ಎದ್ದುಕಾಣುತ್ತವೆ. ಉಸಿರಿನ ಈ ಚಿತ್ರಗಳನ್ನು ಕುರಿತು ಲಾರ್ಡ್ ರ್‍ಯಾಲೆಯೇ 1911ರಲ್ಲಿ ಬರೆದಿದ್ದಾನೆ. ಎರಡನೆಯದು ಸುಣ್ಣದ ಕಲೆ. ಕೊಳವೆಬಾವಿಯ ಗಡಸು ನೀರು ಗಾಜಿನ ಮೇಲೆಯೇ ಆರಿದಾಗ, ಕ್ಯಾಲ್ಸಿಯಮ್ ಕಾರ್ಬೊನೇಟ್ ಬಿಳಿಯ ಉಂಗುರಗಳಾಗಿ ಉಳಿಯುತ್ತದೆ. ಇದು ಒಣಗಿದಾಗಲೇ ಚೆನ್ನಾಗಿ ಕಾಣುತ್ತದೆ. ಮೂರನೆಯದು ಗಾಜಿಗೇ ಆದ ಗಾಯ: ಗೀರು ಅಥವಾ ಸವೆತ. ಉಗುರನ್ನು ಅಡ್ಡಲಾಗಿ ಎಳೆದಾಗ ತಡೆದರೆ ಅದು ಆಳವಾದ ಗೀರು. ಅದು ಯಾವ ದ್ರಾವಕಕ್ಕೂ ಹೋಗುವಂತಹುದಲ್ಲ.

ತೆಗೆಯುವ ಕ್ರಮ

ಸೌಮ್ಯವಾದುದರಿಂದ ಆರಂಭಿಸಿ ತೀಕ್ಷ್ಣವಾದುದಕ್ಕೆ ಹೋಗುವುದೇ ಇಲ್ಲಿಯ ನಿಯಮ. ಕೆಲಸವನ್ನು ನೆರಳಿನಲ್ಲಿ, ಗಾಜು ತಣ್ಣಗಿರುವಾಗ ಮಾಡಬೇಕು.

ಮೊದಲು ಧಾರಾಳವಾಗಿ ನೀರು ಸುರಿದು ಧೂಳನ್ನೆಲ್ಲ ಕಳೆಯಬೇಕು. ಮೋಸ್ ಎಂಬ ಖನಿಜಶಾಸ್ತ್ರಜ್ಞನ ಗಡಸುತನದ ಶ್ರೇಣಿಯಲ್ಲಿ ಗಾಜಿನ ಸ್ಥಾನ ಸುಮಾರು 5.5, ಮರಳಿನ ಕ್ವಾರ್ಟ್ಸಿನದು 7. ಧೂಳಿರುವಾಗಲೇ ತಿಕ್ಕಿದರೆ ಒಂದನೆಯ ವರ್ಗದ ಕಲೆಯನ್ನು ಮೂರನೆಯ ವರ್ಗಕ್ಕೆ ಏರಿಸಿದಂತಾಗುತ್ತದೆ.

ಬಳಿಕ ಪಾತ್ರೆ ತೊಳೆಯುವ ದ್ರವದ ಕೆಲವು ಹನಿಗಳನ್ನು ಬಕೆಟ್ಟಿನ ನೀರಿಗೆ ಬೆರೆಸಿ ತೊಳೆಯಬೇಕು. ಇದರ ಅಣುವಿನ ಒಂದು ತುದಿ ಜಿಡ್ಡಿಗೂ ಇನ್ನೊಂದು ತುದಿ ನೀರಿಗೂ ಒಲಿಯುವುದರಿಂದ, ಸಡಿಲವಾಗಿರುವ ಮೇಣ ಎಣ್ಣೆಗಳು ಕಳಚಿಬರುತ್ತವೆ. ಸುಣ್ಣದ ಉಂಗುರಗಳಿದ್ದರೆ ವಿನೆಗರಿಗೆ ಅಷ್ಟೇ ನೀರು ಸೇರಿಸಿ, ಅದರಲ್ಲಿ ನೆನೆಸಿದ ಬಟ್ಟೆಯನ್ನು ಕೆಲವು ನಿಮಿಷ ಅಲ್ಲಿಟ್ಟು ತೊಳೆಯಬೇಕು. ಜಿಡ್ಡಿಗೆ ವಿನೆಗರ್ ಹಾಕುವುದು ಹಿತ್ತಾಳೆಗೆ ಸೀಗೆಪುಡಿ ಹಾಕಿದಂತೆಯೇ ಸರಿ.

ಇಷ್ಟಾದರೂ ಉಳಿದರೆ, ಐಸೊಪ್ರೊಪೈಲ್ ಆಲ್ಕೊಹಾಲಿಗೆ ಸಮಭಾಗ ನೀರು ಬೆರೆಸಿ, ಶುಭ್ರವಾದ ಬಟ್ಟೆಗೆ ತಗಲಿಸಿ ಒರೆಸಬೇಕು. ಪ್ರತಿಯೊಂದು ಎಳೆತಕ್ಕೂ ಬಟ್ಟೆಯ ಹೊಸ ಮಗ್ಗುಲನ್ನು ತಿರುಗಿಸಿಕೊಳ್ಳುವುದು ಇಲ್ಲಿಯ ಮರ್ಮ. ಇಲ್ಲದಿದ್ದರೆ ಎತ್ತಿದ ಜಿಡ್ಡನ್ನೇ ಮತ್ತೆ ಬಳಿದಂತಾಗುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರನ್ನು ಇದಕ್ಕೆ ಬದಲಾಗಿ ಬಳಸಬಾರದು. ಅದರಲ್ಲಿ ಸಾಮಾನ್ಯವಾಗಿರುವ ಗ್ಲಿಸರಿನ್ ತಾನೇ ಹೊಸದೊಂದು ಪೊರೆಯಾಗುತ್ತದೆ.

ಸಿಲಿಕೋನ್ ಆಲ್ಕೊಹಾಲಿಗೆ ಸುಲಭವಾಗಿ ಬಗ್ಗುವುದಿಲ್ಲ. ಅದಕ್ಕೆ ಬಣ್ಣದಂಗಡಿಯಲ್ಲಿ ದೊರೆಯುವ ಮಿನರಲ್ ಟರ್ಪೆಂಟೈನ್ ತಕ್ಕುದು. ಇದು ಪೆಟ್ರೋಲಿಯಮ್ಮಿನಿಂದ ಬಂದ ದ್ರಾವಕವಾದುದರಿಂದ ಮೇಣವನ್ನೂ ಸಿಲಿಕೋನನ್ನೂ ಕರಗಿಸಿಕೊಳ್ಳುತ್ತದೆ. ಬಟ್ಟೆಗೆ ಸ್ವಲ್ಪವೇ ತಗಲಿಸಿ ಒರೆಸಿ, ಕೂಡಲೇ ಸಾಬೂನು ನೀರಿನಿಂದ ತೊಳೆದು, ಕೊನೆಗೆ ಮತ್ತೊಮ್ಮೆ ಆಲ್ಕೊಹಾಲಿನಿಂದ ಒರೆಸಬೇಕು. ಈ ಎರಡು ದ್ರಾವಕಗಳಿಗೂ ಬೆಂಕಿ ಹತ್ತುತ್ತದೆ. ಗಾಳಿಯಾಡುವ ಬಯಲಿನಲ್ಲಿ, ದೀಪ ಕಿಡಿಗಳಿಂದ ದೂರದಲ್ಲಿ, ಕೈಚೀಲ ತೊಟ್ಟು ಬಳಸಬೇಕು. ಕಾರಿನ ಬಣ್ಣಕ್ಕೂ ಗಾಜಿನ ಸುತ್ತಲಿನ ರಬ್ಬರಿಗೂ ತಾಗಿಸಬಾರದು. ಪೆಟ್ರೋಲನ್ನಂತೂ ಎಂದೂ ಬಳಸಬಾರದು.

ಕೊನೆಯ ಅಸ್ತ್ರ ಸೀರಿಯಮ್ ಆಕ್ಸೈಡ್. ಕೇರಳದ ಕರಾವಳಿಯ ಮೊನಜೈಟ್ ಮರಳಿನಲ್ಲಿರುವ ಸೀರಿಯಮ್ ಎಂಬ ಧಾತುವಿನಿಂದಾದ ಈ ಪುಡಿಯಿಂದಲೇ ಮಸೂರಗಳನ್ನು ಮೆರುಗುಗೊಳಿಸುತ್ತಾರೆ. ಇದು ಗಾಜನ್ನು ಗೀರುವುದಿಲ್ಲ. ನೀರಿನ ಸಮ್ಮುಖದಲ್ಲಿ ಇದರ ಕಣಗಳು ಗಾಜಿನ ಮೈಯೊಡನೆ ರಾಸಾಯನಿಕವಾಗಿ ಬೆಸೆದು, ಅತಿ ತೆಳುವಾದ ಪದರವನ್ನು ಎಳೆದುಕೊಂಡು ಬರುತ್ತವೆ. ಪೊರೆ ಗಾಜನ್ನು ಬಿಡದಿದ್ದರೆ, ಪೊರೆಯನ್ನು ಹೊತ್ತ ಗಾಜಿನ ಮೇಲ್ಪದರವನ್ನೇ ತೆಗೆಯುವುದು ಇದರ ತಂತ್ರ. ಪುಡಿಯನ್ನು ನೀರಿನಲ್ಲಿ ಗಂಜಿಯ ಹದಕ್ಕೆ ಕಲಸಿ, ಮೆತ್ತನೆಯ ಬಟ್ಟೆಯಿಂದ ಕೈಯಲ್ಲಿಯೇ ಹಗುರವಾಗಿ ತಿಕ್ಕಬೇಕು; ಒಣಗಗೊಡಬಾರದು. ಯಂತ್ರದಿಂದ ಒಂದೇ ಜಾಗದಲ್ಲಿ ಬಹಳ ಹೊತ್ತು ತಿಕ್ಕಿದರೆ ಅಲ್ಲಿ ಗಾಜು ತಗ್ಗಾಗಿ, ಅದರ ಮೂಲಕ ಕಾಣುವ ರಸ್ತೆ ಡೊಂಕಾದೀತು.

ಇಷ್ಟೆಲ್ಲ ಮಾಡಿ ವೈಪರನ್ನು ಮರೆತವರು ಅನೇಕರು. ಗಾಜಿನಿಂದ ಒರೆಸಿದ ಜಿಡ್ಡು ರಬ್ಬರಿನ ಅಂಚಿನಲ್ಲಿ ಮನೆಮಾಡಿಕೊಂಡಿರುತ್ತದೆ. ಮೊದಲ ಮಳೆಯಲ್ಲಿಯೇ ಅದು ಗಾಜಿಗೆ ಹಿಂದಿರುಗುತ್ತದೆ. ಆದುದರಿಂದ ನೀರು ಬೆರೆಸಿದ ಆಲ್ಕೊಹಾಲಿನ ಬಟ್ಟೆಯಿಂದ, ಕಪ್ಪು ಬರುವುದು ನಿಲ್ಲುವವರೆಗೆ ಆ ಅಂಚನ್ನು ಒರೆಸಬೇಕು. ಸೀಳಿದ ರಬ್ಬರನ್ನು ಬದಲಾಯಿಸಬೇಕು.

ಮಾಡಬಾರದ ಕೆಲಸಗಳು

ಬೂದಿ, ಮರಳು, ಪಾತ್ರೆಯ ತಂತಿಯ ಉಂಡೆ, ಇವು ಗಾಜಿನ ಹತ್ತಿರ ಸುಳಿಯಬಾರದು. ಇವು ಮಾಡುವ ನೂರಾರು ಸಣ್ಣ ಗೀರುಗಳು ಬೆಳಕನ್ನು ಚದರಿಸುವುದರಲ್ಲಿ ಪಾಲಿಶಿಗಿಂತ ಮಿಗಿಲು. ಪಾಲಿಶ್ ಹೋಗುತ್ತದೆ, ಗೀರು ಹೋಗದು. ಗಾಜನ್ನು ಕರಗಿಸುವ ಹೈಡ್ರೊಫ್ಲೂರಿಕ್ ಆಮ್ಲವಿರುವ ಯಾವ ದ್ರವವನ್ನೂ ಮುಟ್ಟಬಾರದು. ಅದು ಚರ್ಮದ ಮೂಲಕ ಒಳಗಿಳಿದು ಎಲುಬಿನವರೆಗೂ ಹಾನಿಮಾಡುತ್ತದೆ, ಪ್ರಾಣಕ್ಕೂ ಅಪಾಯ. ಆಳವಾದ ಗೀರುಗಳು ಚಾಲಕನ ದೃಷ್ಟಿಯ ನೇರದಲ್ಲಿದ್ದರೆ ಗಾಜನ್ನೇ ಬದಲಾಯಿಸುವುದು ವಿವೇಕ.

ಕೆಲಸ ಮುಗಿಯಿತೆಂಬುದನ್ನು ಹೊಳಪಿನಿಂದ ನಿರ್ಣಯಿಸಬಾರದು. ಪಾಲಿಶ್ ಹತ್ತಿದ ಗಾಜೂ ಹೊಳೆಯುತ್ತಿತ್ತಷ್ಟೆ. ಒಂದು ಚೆಂಬು ಶುದ್ಧವಾದ ನೀರನ್ನು ಗಾಜಿನ ಮೇಲಿನಿಂದ ಸುರಿಯಬೇಕು. ನೀರು ಎಲ್ಲಿಯೂ ಒಡೆಯದೆ, ಒಂದೇ ಹಾಳೆಯಾಗಿ ಕೆಳಕ್ಕಿಳಿದರೆ ಪೊರೆ ಹೋಗಿದೆ. ಎಲ್ಲಿಯಾದರೂ ಹನಿಗಟ್ಟಿದರೆ ಆ ಜಾಗಕ್ಕೆ ಮತ್ತೊಮ್ಮೆ ಕೈಹಾಕಬೇಕು. ಕಣ್ಣಿಗೆ ಕಾಣದುದನ್ನು ನೀರು ನಮಗೆ ತೋರಿಸಿಕೊಡುತ್ತದೆ.

ಮುಂದಿನ ಆಯುಧಪೂಜೆಗೆ ಕಾರನ್ನು ಹೊಳೆಯಿಸುವವರು ಗಾಜಿಗೆಂದೇ ಬೇರೊಂದು ಬಟ್ಟೆಯನ್ನಿಟ್ಟುಕೊಂಡರೆ ಈ ಶ್ರಮವೇ ಬೇಕಾಗದು. ಕಾರಿನ ಮೈ ತಾನು ಕಾಣಲೆಂದು ಹೊಳೆಯಬೇಕು. ಗಾಜಾದರೋ ತಾನು ಕಾಣದಿದ್ದರೇ ಅದರ ಧರ್ಮ ಸಾಗುವುದು. ಮಳೆಯ ರಾತ್ರಿ ರಸ್ತೆಯಂಚಿನಲ್ಲಿ ನಡೆದು ಮನೆ ಸೇರಬೇಕಾದವನಿಗೆ ಈ ವ್ಯತ್ಯಾಸ ಸಣ್ಣದಲ್ಲ.